ಶಿಕ್ಷಕರ ಹಿಂದಿನ ಬದುಕು ಅರ್ಜಿಯ ಖಾಲಿ ಜಾಗವಲ್ಲ

ಮಾನ್ಯ ಸಂಪಾದಕರೇ,

ಬೇರೆ ಉದ್ಯೋಗಗಳಲ್ಲಿ ವರ್ಷಗಟ್ಟಲೆ ದುಡಿದು ಆಮೇಲೆ ಶಾಲೆಗೆ ಬರುವ ಶಿಕ್ಷಕರ ಬಗ್ಗೆ ನಿಮ್ಮ ಪತ್ರಿಕೆಯ ಓದುಗರ ವಿಭಾಗದಲ್ಲಿ ಈಚೆಗೆ ಎರಡು ಪತ್ರಗಳು ಪ್ರಕಟವಾಗಿದ್ದವು. ಬೇರೆಲ್ಲೂ ಸಲ್ಲದವರು ಕೊನೆಗೆ ಶಾಲೆಯ ಬಾಗಿಲು ತಟ್ಟುತ್ತಾರೆ ಎಂದು ಒಬ್ಬರು ಬರೆದಿದ್ದರು. ಅದಕ್ಕೆ ಉತ್ತರವಾಗಿ ಇನ್ನೊಬ್ಬರು, ಲೋಕ ಕಂಡವರೇ ನಿಜವಾದ ಗುರುಗಳು, ಅಂಥವರ ಬಳಿ ತರಬೇತಿಯ ಕಾಗದವನ್ನು ಏಕೆ ಕೇಳಬೇಕು ಎಂದು ಪ್ರಶ್ನಿಸಿದ್ದರು. ಶಿಕ್ಷಕರ ತರಬೇತಿಯಲ್ಲಿ ಬಹುಕಾಲ ತೊಡಗಿದ್ದು, ಆಯ್ಕೆ ಮಂಡಳಿಗಳಲ್ಲಿಯೂ ಕುಳಿತು ಬಂದಿರುವ ನನಗೆ ಈ ಇಬ್ಬರೂ ಒಂದೇ ಕಡೆ ಎಡವಿದ್ದಾರೆ ಅನ್ನಿಸಿತು. ತರಗತಿಗೆ ಬರುವ ಮೊದಲಿನ ವರ್ಷಗಳಿಗೆ ಇಬ್ಬರೂ ಸಗಟಾಗಿ ಬೆಲೆ ಕಟ್ಟುತ್ತಾರೆ. ಆ ವರ್ಷಗಳಲ್ಲಿ ಆ ವ್ಯಕ್ತಿ ಮಾಡಿದ್ದೇನು, ಕಲಿತದ್ದೇನು ಎಂದು ಬಿಚ್ಚಿ ನೋಡುವ ಗೋಜಿಗೆ ಹೋಗುವುದಿಲ್ಲ. ನಮ್ಮ ನೇಮಕಾತಿ ಪದ್ಧತಿಯೂ ಇದನ್ನೇ ಮಾಡುತ್ತಿದೆ ಎಂಬುದು ನನ್ನ ದೂರು.

ಸಂದರ್ಶನಗಳಲ್ಲಿ ನಡೆಯುವುದನ್ನೇ ಮೊದಲು ಹೇಳುತ್ತೇನೆ. ಪದವಿ ಮುಗಿಸಿ, ತರಬೇತಿ ಪಡೆದು, ನೇರವಾಗಿ ಶಾಲೆಗೆ ಬಂದ ಅಭ್ಯರ್ಥಿಗೆ ವಿಷಯದ ಬಗ್ಗೆ ಪ್ರಶ್ನೆ ಕೇಳುತ್ತಾರೆ. ನಡುವೆ ಎಂಟು ಹತ್ತು ವರ್ಷಗಳನ್ನು ಪ್ರಯೋಗಾಲಯದಲ್ಲೋ, ಬ್ಯಾಂಕಿನಲ್ಲೋ, ಕಾರ್ಖಾನೆಯ ಗುಣಮಟ್ಟ ತಪಾಸಣೆಯಲ್ಲೋ ಕಳೆದು ಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ, ‘ಆ ಕೆಲಸವನ್ನು ಏಕೆ ಬಿಟ್ಟಿರಿ?’ ಎಂಬುದು. ಆ ಪ್ರಶ್ನೆ ಬೇಡವೆಂದು ನಾನು ಹೇಳುವುದಿಲ್ಲ, ಕೇಳಲೇಬೇಕಾದದ್ದು ಅದು. ಆದರೆ ಅದರ ಬೆನ್ನಿಗೆ ಬರಬೇಕಾದ ಪ್ರಶ್ನೆಗಳು ಬರುವುದೇ ಇಲ್ಲ. ಆ ಕೆಲಸದಲ್ಲಿ ಹೊಸಬರಿಗೆ ಹೇಳಿಕೊಡುತ್ತಿದ್ದವರು ಯಾರು, ಅವರಿಗೆ ಅರ್ಥವಾಗಿಲ್ಲವೆಂಬುದು ನಿಮಗೆ ಹೇಗೆ ತಿಳಿಯುತ್ತಿತ್ತು, ತಪ್ಪು ನಡೆದಾಗ ಅದನ್ನು ಹುಡುಕುವ ದಾರಿ ಏನಿತ್ತು ಎಂದು ವಿಚಾರಿಸಿದರೆ, ಎದುರಿಗೆ ಕುಳಿತವರು ಬೋಧನೆಗೆ ಎಷ್ಟು ಹತ್ತಿರದಲ್ಲಿದ್ದಾರೆ, ಎಷ್ಟು ದೂರದಲ್ಲಿದ್ದಾರೆ ಎಂಬುದು ಕಾಲು ಗಂಟೆಯಲ್ಲಿ ಗೊತ್ತಾಗಿಬಿಡುತ್ತದೆ.

ಅಳತೆಯ ಉಪಕರಣಗಳನ್ನು ಪರಿಶೀಲಿಸಿ ಸರಿಪಡಿಸುವ ಕೆಲಸದಲ್ಲಿದ್ದು, ಬಳಿಕ ವಿಜ್ಞಾನ ಶಿಕ್ಷಕಿಯಾಗಲು ತರಬೇತಿಗೆ ಬಂದವರೊಬ್ಬರನ್ನು ನಾನು ಬಲ್ಲೆ. ಅವರ ಹಿಂದಿನ ಕೆಲಸದ ಬಗ್ಗೆ ಆಯ್ಕೆ ಮಂಡಳಿಯಲ್ಲಿ ಯಾರೂ ಒಂದು ಮಾತನ್ನೂ ಕೇಳಿರಲಿಲ್ಲ. ಬೋಧನಾ ಅಭ್ಯಾಸದ ಪಾಠವೊಂದರಲ್ಲಿ ಅವರು ಇಡೀ ತರಗತಿಯ ಮಕ್ಕಳಿಂದ ಒಂದೇ ಮೇಜಿನ ಉದ್ದವನ್ನು ಅಳೆಯಿಸಿ, ಬಂದ ಉತ್ತರಗಳನ್ನೆಲ್ಲ ಹಲಗೆಯ ಮೇಲೆ ಬರೆದರು. ಉತ್ತರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಸರಿಯುತ್ತರವನ್ನು ಉಳಿಸಿ ಮಿಕ್ಕದ್ದನ್ನು ಅಳಿಸುವುದು ನಮ್ಮಲ್ಲಿ ಬಹುತೇಕರ ಅಭ್ಯಾಸ. ಅವರು ಯಾವುದನ್ನೂ ಅಳಿಸಲಿಲ್ಲ. ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೇಳಿದರು. ಅಳತೆಪಟ್ಟಿಯ ಸವೆದ ಅಂಚು, ಓರೆಯಾಗಿ ನೋಡಿದ ಕಣ್ಣು, ಎರಡು ಗೆರೆಗಳ ನಡುವೆ ಅಂದಾಜು ಮಾಡಿದ ಬಗೆ, ಇವೆಲ್ಲ ಮಕ್ಕಳ ಬಾಯಿಂದಲೇ ಹೊರಬಂದವು. ಅಳತೆಯಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ, ಅದರ ಪ್ರಮಾಣವನ್ನು ಅರಿತುಕೊಳ್ಳುವುದೇ ಕೆಲಸ ಎಂಬ ತಿಳಿವಳಿಕೆ ಅವರಿಗೆ ಪಠ್ಯಪುಸ್ತಕದಿಂದ ಬಂದದ್ದಾಗಿರಲಿಲ್ಲ. ಆದರೆ ಅದನ್ನು ಒಂದು ಪಾಠವಾಗಿ ರೂಪಿಸುವುದನ್ನು, ಯಾವ ಪ್ರಶ್ನೆಯನ್ನು ಯಾವಾಗ ಕೇಳಿ ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅವರು ತರಬೇತಿಯಲ್ಲಿ, ಅನುಭವಿ ಮಾರ್ಗದರ್ಶಕಿಯೊಬ್ಬರ ಪಕ್ಕದಲ್ಲಿ ಕುಳಿತು ಕಲಿತರು. ಇವೆರಡರಲ್ಲಿ ಒಂದನ್ನು ಕಿತ್ತುಹಾಕಿದರೂ ಆ ಪಾಠ ನಿಲ್ಲುತ್ತಿರಲಿಲ್ಲ.

ನೇರ ದಾರಿಯಲ್ಲಿ ಬಂದವರಿಗೆ ಹಿಂದಿನ ಬದುಕೇ ಇರುವುದಿಲ್ಲ ಎಂದು ಭಾವಿಸುವುದೂ ಸರಿಯಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಇದನ್ನು ಚೆನ್ನಾಗಿ ಗುರುತಿಸಿದರು. ಶಾಲಾ ಶಿಕ್ಷಣ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಸುಮಾರು 13,000 ಗಂಟೆಗಳನ್ನು ಶಿಕ್ಷಕರ ಎದುರಿನಲ್ಲಿ ಕಳೆದಿರುತ್ತಾನೆ ಎಂದು ಅವರು ಅಂದಾಜಿಸಿದ್ದರು. ವೈದ್ಯನಾಗುವವನು ಅಷ್ಟು ಹೊತ್ತು ವೈದ್ಯರನ್ನು ನೋಡಿರುವುದಿಲ್ಲ, ವಕೀಲನಾಗುವವನು ನ್ಯಾಯಾಲಯವನ್ನು ಅಷ್ಟು ಕಂಡಿರುವುದಿಲ್ಲ. ಶಿಕ್ಷಕ ಮಾತ್ರ ತನ್ನ ವೃತ್ತಿಯನ್ನು ಬಾಲ್ಯದಿಂದಲೇ ನೋಡುತ್ತ ಬೆಳೆದಿರುತ್ತಾನೆ. ಆದರೆ ನೋಡಿರುವುದು ಬೆಂಚಿನ ಮೇಲೆ ಕುಳಿತು. ಪಾಠಕ್ಕೆ ಮುಂಚಿನ ಸಿದ್ಧತೆ ಅವನ ಕಣ್ಣಿಗೆ ಬಿದ್ದಿರುವುದಿಲ್ಲ. ಈ ಉದಾಹರಣೆ ಬೇಡ, ಅದು ಇರಲಿ ಎಂದು ಶಿಕ್ಷಕರು ಮನಸ್ಸಿನಲ್ಲೇ ಮಾಡಿಕೊಳ್ಳುವ ಆಯ್ಕೆಗಳೂ ಬಿದ್ದಿರುವುದಿಲ್ಲ. ಹೀಗಾಗಿ ಹೊಸ ಶಿಕ್ಷಕ ದಿಕ್ಕು ತೋಚದ ದಿನ ತನ್ನ ಹಳೆಯ ಮೇಷ್ಟರ ಧ್ವನಿಯಲ್ಲಿಯೇ ಗದರಲು ತೊಡಗುತ್ತಾನೆ, ಅವರಂತೆಯೇ ಟಿಪ್ಪಣಿ ಬರೆಯಿಸುತ್ತಾನೆ. ತರಬೇತಿಯಲ್ಲಿ ಕಲಿತದ್ದು ಎಷ್ಟು ಬೇಗ ಕಳಚಿಹೋಗುತ್ತದೆ ಎಂಬುದನ್ನು ಕಂಡವರಿಗೆ ಲಾರ್ಟಿಯವರ ಮಾತು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಬೇರೆ ವೃತ್ತಿಯಿಂದ ಬಂದವರಿಗೂ ಈ 13,000 ಗಂಟೆಗಳು ಇದ್ದೇ ಇರುತ್ತವೆ. ಅದರ ಮೇಲೆ ಇನ್ನೊಂದು ಪದರ ಸೇರಿರುತ್ತದೆ, ಅಷ್ಟೇ. ಆ ಎರಡನೆಯ ಪದರ ಮೊದಲನೆಯದನ್ನು ಪ್ರಶ್ನಿಸುವಂತಿದ್ದರೆ ಶಾಲೆಗೆ ಲಾಭ. ಕಚೇರಿಯಲ್ಲಿ ಕಲಿತ ಅಧಿಕಾರದ ಗತ್ತಿನಿಂದ ಅದನ್ನು ಇನ್ನಷ್ಟು ಗಟ್ಟಿ ಮಾಡುವಂತಿದ್ದರೆ ನಷ್ಟ. ಆದ್ದರಿಂದಲೇ ಎಷ್ಟು ವರ್ಷದ ಅನುಭವ ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ.

ಶಿಕ್ಷಣದ ಇತಿಹಾಸವನ್ನು ತೆರೆದರೆ ಇದಕ್ಕೆ ಪುರಾವೆಗಳು ಹೇರಳ. ಶಿಶುವಿಹಾರದ ಕಲ್ಪನೆಯನ್ನು ಕೊಟ್ಟ ಫ್ರೀಡ್ರಿಕ್ ಫ್ರೋಬೆಲ್ ಹದಿಹರೆಯದಲ್ಲಿ ಅರಣ್ಯಾಧಿಕಾರಿಯೊಬ್ಬರ ಬಳಿ ಕೆಲಸ ಕಲಿತವರು. ಆಮೇಲೆ ಭೂಮಾಪನದಂಥ ಹಲವು ಕೆಲಸಗಳಲ್ಲಿ ಅಲೆದು, ವಾಸ್ತುಶಿಲ್ಪ ಕಲಿಯಬೇಕೆಂದು 1805ರಲ್ಲಿ ಫ್ರಾಂಕ್‌ಫರ್ಟ್‌ಗೆ ಹೋದಾಗ ಅಲ್ಲಿಯ ಶಾಲೆಯೊಂದರ ಮುಖ್ಯಸ್ಥರು ಅವರನ್ನು ಶಿಕ್ಷಕರಾಗುವಂತೆ ಒಪ್ಪಿಸಿದರು. ಅಲ್ಲಿಗೂ ಅವರ ಅಲೆದಾಟ ಮುಗಿಯಲಿಲ್ಲ. ಕೆಲವು ವರ್ಷಗಳ ನಂತರ ಬರ್ಲಿನ್‌ನಲ್ಲಿ ಹರಳುಗಳ ವಿಜ್ಞಾನವನ್ನು ಅಭ್ಯಾಸ ಮಾಡಿ, ಖನಿಜಗಳ ಸಂಗ್ರಹಾಲಯದಲ್ಲಿ ದುಡಿದರು. 1837ರ ನಂತರ ಅವರು ಪುಟ್ಟ ಮಕ್ಕಳ ಕೈಗೆ ಕೊಟ್ಟ ಗೋಳ, ಘನ, ಸಿಲಿಂಡರುಗಳನ್ನೂ, ದೊಡ್ಡ ಘನವನ್ನು ಚಿಕ್ಕ ಚಿಕ್ಕ ಘನಗಳಾಗಿ ಬಿಡಿಸಿ ಮತ್ತೆ ಜೋಡಿಸುವ ಆಟವನ್ನೂ ನೋಡಿದರೆ, ಹರಳುಗಳ ರಚನೆಯನ್ನು ಗಂಟೆಗಟ್ಟಲೆ ಗಮನಿಸಿದ್ದ ಕಣ್ಣು ಅದರ ಹಿಂದೆ ಇದೆ ಎಂದು ಹೇಳಲು ವಿಶೇಷ ಪಾಂಡಿತ್ಯ ಬೇಕಾಗಿಲ್ಲ.

ಮರಿಯಾ ಮಾಂಟೆಸ್ಸೊರಿ 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದವರು. ಅಲ್ಲಿಯ ಮನೋರೋಗ ಚಿಕಿತ್ಸಾಲಯದ ಕೆಲಸದಲ್ಲಿದ್ದಾಗ ಬೌದ್ಧಿಕವಾಗಿ ಹಿಂದುಳಿದವರೆಂದು ಮೂಲೆಗೆ ತಳ್ಳಲ್ಪಟ್ಟ ಮಕ್ಕಳನ್ನು ಕಂಡರು. 1907ರಲ್ಲಿ ‘ಮಕ್ಕಳ ಮನೆ’ ಎಂಬ ಅವರ ಮೊದಲ ಶಾಲೆ ತೆರೆದಾಗ, ಮಗುವಿಗೆ ಏನು ಹೇಳಬೇಕು ಎಂಬುದಕ್ಕಿಂತ ಮೊದಲು ಮಗು ಏನು ಮಾಡುತ್ತಿದೆ ಎಂದು ನೋಡುವ ಅವರ ಕ್ರಮ ವೈದ್ಯವೃತ್ತಿಯಿಂದ ಬಂದದ್ದಾಗಿತ್ತು. ಆದರೆ ಅವರ ಬಗ್ಗೆ ಮಾತನಾಡುವವರು ನಡುವಿನ ವರ್ಷಗಳನ್ನು ಮರೆತುಬಿಡುತ್ತಾರೆ. ವೈದ್ಯೆಯಾಗಿದ್ದರೂ ಅವರು ಮತ್ತೆ ವಿಶ್ವವಿದ್ಯಾಲಯಕ್ಕೆ ಹೋಗಿ ಶಿಕ್ಷಣಶಾಸ್ತ್ರವನ್ನು ಓದಿದರು. ತಮಗಿಂತ ಮುಂಚೆ ಇಂಥ ಮಕ್ಕಳೊಂದಿಗೆ ಕೆಲಸ ಮಾಡಿದ್ದ ಫ್ರಾನ್ಸಿನ ವೈದ್ಯರಾದ ಇಟಾರ್ ಮತ್ತು ಸೆಗ್ವಾ ಅವರ ಬರಹಗಳನ್ನು ಕೂತು ಅನುವಾದಿಸಿಕೊಂಡರು. ಲೋಕ ಕಂಡವರಿಗೆ ತರಬೇತಿ ಏಕೆ ಎಂದು ಕೇಳಿದ ನಿಮ್ಮ ಓದುಗರು ಇದನ್ನು ಗಮನಿಸಬೇಕೆಂದು ನನ್ನ ಕೋರಿಕೆ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ಎರಡೂ ಪತ್ರಗಳಿಗೆ ಉತ್ತರ ಕೊಡುತ್ತದೆ. ತತ್ತ್ವಜ್ಞಾನಿ ಲುಡ್ವಿಗ್ ವಿಟ್ಗೆನ್‌ಸ್ಟೈನ್ 1920ರಿಂದ 1926ರವರೆಗೆ ಆಸ್ಟ್ರಿಯಾದ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರಾಗಿದ್ದರು. ಅದಕ್ಕೆ ಮುಂಚೆ ಅವರು ಎಂಜಿನಿಯರಿಂಗ್ ಓದಿದ್ದರು, 1908ರಿಂದ ಮ್ಯಾಂಚೆಸ್ಟರ್‌ನಲ್ಲಿ ವಿಮಾನ ವಿಜ್ಞಾನದ ಪ್ರಯೋಗಗಳಲ್ಲಿ ತೊಡಗಿದ್ದರು, ಕೇಂಬ್ರಿಜ್‌ನಲ್ಲಿ ಬರ್ಟ್ರಂಡ್ ರಸೆಲ್ ಅವರ ಬಳಿ ತರ್ಕಶಾಸ್ತ್ರ ಕಲಿತಿದ್ದರು, ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿ ಹೋರಾಡಿ ಇಟಲಿಯಲ್ಲಿ ಸೆರೆಯಾಳಾಗಿದ್ದರು, ಮರಳಿ ಬಂದ ಮೇಲೆ ತಮ್ಮ ಪಾಲಿನ ಅಪಾರ ಆಸ್ತಿಯನ್ನು ಬಿಟ್ಟುಕೊಟ್ಟಿದ್ದರು. ಇಷ್ಟೆಲ್ಲ ಆದ ಮೇಲೆ ವಿಯೆನ್ನಾದ ಶಿಕ್ಷಕ ತರಬೇತಿ ಶಾಲೆಯಲ್ಲಿ, ತಮಗಿಂತ ಬಹಳ ಚಿಕ್ಕವರ ಜೊತೆ ಕುಳಿತು ಪ್ರಮಾಣಪತ್ರ ಪಡೆದರು. ಅವರ ತರಗತಿಯಲ್ಲಿ ಎಂಜಿನಿಯರ್ ಎದ್ದು ಕಾಣುತ್ತಿದ್ದ. ಮಕ್ಕಳೊಂದಿಗೆ ಅವರು ಉಗಿಯಂತ್ರದ ಮಾದರಿಗಳನ್ನು ಕಟ್ಟಿದರು, ಪ್ರಾಣಿಗಳ ಅಸ್ಥಿಪಂಜರವನ್ನು ಜೋಡಿಸಿದರು. ಮಕ್ಕಳಿಗೆ ಸಿಗುವ ನಿಘಂಟುಗಳು ದುಬಾರಿಯೂ ದೊಡ್ಡವೂ ಆಗಿದ್ದುದರಿಂದ ಪ್ರಾಥಮಿಕ ಶಾಲೆಗೆಂದೇ ಕಾಗುಣಿತದ ಪದಕೋಶವೊಂದನ್ನು ಸಿದ್ಧಪಡಿಸಿದರು. ಅದು 1926ರಲ್ಲಿ ಪ್ರಕಟವಾಯಿತು.

ಅದೇ ವ್ಯಕ್ತಿ ಗಣಿತದಲ್ಲಿ ತಡವರಿಸುವ ಮಕ್ಕಳ ಮೇಲೆ ಕೈ ಮಾಡುತ್ತಿದ್ದರು. 1926ರ ಏಪ್ರಿಲ್‌ನಲ್ಲಿ ಅವರಿಂದ ಪೆಟ್ಟು ತಿಂದ ಹುಡುಗನೊಬ್ಬ ಪ್ರಜ್ಞೆ ತಪ್ಪಿ ಬಿದ್ದನು. ವಿಟ್ಗೆನ್‌ಸ್ಟೈನ್ ರಾಜೀನಾಮೆ ಕೊಟ್ಟರು. ಶಾಲಾ ಶಿಕ್ಷಕರಾಗಿ ಮತ್ತೆಂದೂ ಕೆಲಸ ಮಾಡಲಿಲ್ಲ. ಆ ಕಾಲದಲ್ಲಿ ಶಾಲೆಗಳಲ್ಲಿ ಹೊಡೆತ ಸಾಮಾನ್ಯವಾಗಿತ್ತು ಎಂಬ ಸಮಜಾಯಿಷಿಯನ್ನು ಕೆಲವರು ಕೊಡುತ್ತಾರೆ, ನನಗೆ ಅದು ಸಾಲದು. ಇಪ್ಪತ್ತನೆಯ ಶತಮಾನದ ಅತ್ಯಂತ ಹರಿತವಾದ ಬುದ್ಧಿಗಳಲ್ಲಿ ಒಂದಕ್ಕೆ, ಹತ್ತು ವರ್ಷದ ಮಗುವಿಗೆ ಭಾಗಾಕಾರ ಏಕೆ ತಲೆಗೆ ಹತ್ತುತ್ತಿಲ್ಲ ಎಂಬುದನ್ನು ತಾಳ್ಮೆಯಿಂದ ಊಹಿಸಿಕೊಳ್ಳಲು ಆಗಲಿಲ್ಲ. ಅವರ ಪಾಠಗಳಿಗೆ ಶ್ರೀಮಂತಿಕೆ ಬಂದದ್ದು ಹಿಂದಿನ ಬದುಕಿನಿಂದ. ಈ ತಾಳ್ಮೆಯನ್ನು ಮಾತ್ರ ಆ ಬದುಕು ಕೊಟ್ಟಿರಲಿಲ್ಲ, ತರಬೇತಿಯ ಪ್ರಮಾಣಪತ್ರವೂ ಕೊಟ್ಟಿರಲಿಲ್ಲ.

ವಿಷಯ ಬಲ್ಲವನಿಗೆ ವಿಷಯವನ್ನು ಕಲಿಸುವ ಬಗೆಯೂ ತಾನಾಗಿ ತಿಳಿದಿರುತ್ತದೆ ಎಂಬ ನಂಬಿಕೆ ಹಳೆಯದು. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಲೀ ಶುಲ್ಮನ್ 1986ರಲ್ಲಿ ಈ ಎರಡರ ನಡುವೆ ಇರುವ ಮೂರನೆಯ ಬಗೆಯ ತಿಳಿವಳಿಕೆಯನ್ನು ವಿವರಿಸಿದರು. ಒಂದು ವಿಷಯದಲ್ಲಿ ಮಕ್ಕಳು ಸಾಮಾನ್ಯವಾಗಿ ಎಲ್ಲಿ ತಪ್ಪುತ್ತಾರೆ, ಯಾವ ಉದಾಹರಣೆ ದಾರಿ ತೋರುತ್ತದೆ, ಯಾವುದು ದಾರಿ ತಪ್ಪಿಸುತ್ತದೆ ಎಂಬುದು ಆ ವಿಷಯಕ್ಕೇ ವಿಶಿಷ್ಟವಾದ ಬೋಧನಾ ಜ್ಞಾನ. ಬ್ಯಾಂಕಿನಲ್ಲಿ ದಿನವೂ ಬಡ್ಡಿ ಲೆಕ್ಕ ಹಾಕಿದವರಿಗೆ ಶೇಕಡಾವಾರು ಅಂಗೈ ಮೇಲಿನ ನೆಲ್ಲಿಕಾಯಿ. ಆದರೆ 20 ಶೇಕಡ ಹೆಚ್ಚಿಸಿ ಮತ್ತೆ 20 ಶೇಕಡ ಇಳಿಸಿದರೆ ಮೊದಲಿದ್ದಷ್ಟೇ ಆಗುತ್ತದೆ ಎಂದು ತರಗತಿಯ ಅರ್ಧದಷ್ಟು ಮಕ್ಕಳು ಏಕೆ ನಂಬುತ್ತಾರೆ ಎಂಬುದು ಅವರಿಗೆ ತಕ್ಷಣ ಹೊಳೆಯುವುದಿಲ್ಲ. 100 ಮೊದಲು 120 ಆಗಿ, ಆಮೇಲೆ 96ಕ್ಕೆ ಇಳಿಯುತ್ತದೆ ಎಂದು ಮಾಡಿ ತೋರಿಸಿ ಮುಂದೆ ಹೋಗುತ್ತಾರೆ. ಎರಡನೆಯ ಸಲ ಶೇಕಡವನ್ನು ಯಾವುದರ ಮೇಲೆ ತೆಗೆದೆವು ಎಂಬ ಪ್ರಶ್ನೆಯಲ್ಲಿ ಪಾಠದ ಜೀವ ಇದೆ, ಅದು ಹಾಗೆಯೇ ಉಳಿದುಬಿಡುತ್ತದೆ. ದೀರ್ಘಕಾಲದ ಪರಿಣತಿಯೇ ಕೆಲವೊಮ್ಮೆ ಇಂಥ ಅಡ್ಡಿಯಾಗುತ್ತದೆ, ಏಕೆಂದರೆ ತನಗೆ ಅದು ಕಷ್ಟವಾಗಿದ್ದ ದಿನಗಳು ಪರಿಣತನಿಗೆ ಮರೆತೇ ಹೋಗಿರುತ್ತವೆ.

ಹಾಗಾದರೆ ಹಿಂದಿನ ಕೆಲಸದಿಂದ ಶಾಲೆಗೆ ದಾಟಿ ಬರುವುದು ಯಾವುದು? ನಾನು ಕಂಡಂತೆ, ಇನ್ನೊಬ್ಬರಿಗೆ ವಿವರಿಸುವುದು ದಿನನಿತ್ಯದ ಹೊಣೆಯಾಗಿದ್ದ ಕೆಲಸಗಳು ಎಲ್ಲಕ್ಕಿಂತ ಚೆನ್ನಾಗಿ ದಾಟುತ್ತವೆ. ರೋಗಿಗೆ ಔಷಧದ ಕ್ರಮವನ್ನು ತಿಳಿಸಿ ಹೇಳುತ್ತಿದ್ದ ದಾದಿಯರು, ಯಂತ್ರದ ಮುಂದೆ ಹೊಸ ಕೆಲಸಗಾರನನ್ನು ನಿಲ್ಲಿಸಿಕೊಂಡು ಕಲಿಸಿದ ಮೇಲ್ವಿಚಾರಕರು, ದೂರು ಹೊತ್ತು ಬಂದ ಗ್ರಾಹಕರನ್ನು ಸಮಾಧಾನದಿಂದ ಕೇಳಿಸಿಕೊಂಡವರು ತರಗತಿಗೆ ಬೇಗ ಒಗ್ಗುತ್ತಾರೆ. ಅವರ ಪದವಿಯ ವಿಷಯ ಯಾವುದು ಎಂಬುದು ಇಲ್ಲಿ ಅಷ್ಟು ಮುಖ್ಯವಾಗುವುದಿಲ್ಲ. ಆಜ್ಞೆ ಕೊಟ್ಟು ಅಭ್ಯಾಸವಾದವರಿಗೆ ಮೊದಲ ವರ್ಷ ಕಠಿಣ, ಏಕೆಂದರೆ ಸಂಬಳಕ್ಕಾಗಿ ಮಾತು ಕೇಳುವವರು ತರಗತಿಯಲ್ಲಿ ಒಬ್ಬರೂ ಇರುವುದಿಲ್ಲ. ಒಂಟಿಯಾಗಿ ಕುಳಿತು ಮಾಡುವ ಕೆಲಸದಿಂದ ಬಂದವರು, ಮೂವತ್ತು ನಲವತ್ತು ಮಕ್ಕಳ ಗಮನವನ್ನು ಒಟ್ಟಿಗೆ ಹಿಡಿಯುವ ದಣಿವಿಗೆ ಸಿದ್ಧರಾಗಿರುವುದಿಲ್ಲ. ನಡುವಯಸ್ಸಿನವರು ಇದನ್ನು ಯಾರೊಂದಿಗೂ ಹೇಳಿಕೊಳ್ಳುವುದಿಲ್ಲ ಎಂಬುದು ಇನ್ನೊಂದು ತೊಡಕು. ಹಿಂದಿನ ಕೆಲಸದಲ್ಲಿ ನಾಲ್ಕು ಜನ ಸಲಹೆ ಕೇಳುತ್ತಿದ್ದವರಿಗೆ, ತಮಗಿಂತ ಕಿರಿಯರಾದ ಸಹೋದ್ಯೋಗಿಯ ಬಳಿ ಹೋಗಿ ‘ಹಿಂದಿನ ಬೆಂಚಿನವರನ್ನು ಹೇಗೆ ಸುಮ್ಮನಿರಿಸುತ್ತೀರಿ?’ ಎಂದು ಕೇಳಲು ಸಂಕೋಚ.

ಮನೆಯಲ್ಲಿ ಮಕ್ಕಳನ್ನೋ ಕಾಯಿಲೆಯ ಹಿರಿಯರನ್ನೋ ನೋಡಿಕೊಂಡು ವರ್ಷಗಳನ್ನು ಕಳೆದು, ಆಮೇಲೆ ತರಬೇತಿಗೆ ಬರುವ ಮಹಿಳೆಯರ ವಿಷಯವನ್ನು ಆ ಎರಡು ಪತ್ರಗಳೂ ಎತ್ತಲಿಲ್ಲ. ಅರ್ಜಿಯಲ್ಲಿ ಆ ವರ್ಷಗಳಿಗೆ ಜಾಗವೇ ಇಲ್ಲ. ‘ಉದ್ಯೋಗವಿಲ್ಲದ ಅವಧಿ’ ಎಂದು ಬರೆಯಬೇಕಾಗುತ್ತದೆ. ಮಾತು ತಡವಾಗಿ ಬಂದ ಮಗುವಿನೊಂದಿಗೆ ದಿನವೂ ಕುಳಿತು ಅಭ್ಯಾಸ ಮಾಡಿಸಿದ ತಾಯಿಗೆ, ಕಲಿಕೆಯ ವೇಗದಲ್ಲಿ ಇರುವ ಏರುಪೇರಿನ ಬಗ್ಗೆ ಗೊತ್ತಿರುವಷ್ಟು ಬೋಧನಾ ಅಭ್ಯಾಸ ಮುಗಿಸಿದ ಯುವಕನಿಗೆ ಗೊತ್ತಿರಲು ಸಾಧ್ಯವಿಲ್ಲ. ಅದನ್ನು ಹಾಗೆಯೇ ಅರ್ಹತೆ ಎಂದು ಎಣಿಸಿ ಎಂದು ನಾನು ಹೇಳುತ್ತಿಲ್ಲ. ಕೇಳಿಯಾದರೂ ನೋಡಬಹುದಲ್ಲವೇ?

ದೇಶ ಬದಲಿಸಿದ ಶಿಕ್ಷಕರದು ಇನ್ನೂ ವಿಚಿತ್ರ ಸ್ಥಿತಿ. ಹೈಮೆ ಎಸ್ಕಲಾಂಟೆ ಬೊಲಿವಿಯಾದಲ್ಲಿ ಗಣಿತ ಮತ್ತು ಭೌತಶಾಸ್ತ್ರವನ್ನು ಕಲಿಸುತ್ತಿದ್ದವರು. 1960ರ ದಶಕದಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿ ಅವರ ಅರ್ಹತೆಗೆ ಮಾನ್ಯತೆ ಸಿಗಲಿಲ್ಲ. ಹೋಟೆಲಿನಲ್ಲಿ ದುಡಿದು, ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿದ್ದುಕೊಂಡು, ಮತ್ತೆ ಪದವಿ ಓದಿ, 1974ರಲ್ಲಿ ಲಾಸ್ ಏಂಜಲಿಸ್‌ನ ಗಾರ್ಫೀಲ್ಡ್ ಪ್ರೌಢಶಾಲೆಗೆ ಸೇರಿದರು. 1980ರ ದಶಕದಲ್ಲಿ ಅವರ ಕ್ಯಾಲ್ಕುಲಸ್ ತರಗತಿ ಆ ದೇಶದಾದ್ಯಂತ ಹೆಸರಾಯಿತು. ಕಷ್ಟಪಟ್ಟು ಮೇಲೆ ಬಂದರು ಎಂದು ಈ ಕಥೆಯನ್ನು ಎಲ್ಲರೂ ಮೆಚ್ಚಿ ಹೇಳುತ್ತಾರೆ. ಆಗಲೇ ಶಿಕ್ಷಕರಾಗಿದ್ದವರೊಬ್ಬರನ್ನು ತರಗತಿಯಿಂದ ಸುಮಾರು ಒಂದು ದಶಕ ಹೊರಗಿಟ್ಟ ವ್ಯವಸ್ಥೆಯನ್ನು ಪ್ರಶ್ನಿಸುವವರು ಕಡಿಮೆ.

ಜಗತ್ತಿನ ಹಲವೆಡೆ ಈಗ ಬೇರೆ ವೃತ್ತಿಯವರನ್ನು ಶಾಲೆಗೆ ಕರೆತರುವ ಪ್ರಯತ್ನಗಳು ನಡೆದಿವೆ. ಸೇನೆಯಿಂದ ಹೊರಬರುವವರನ್ನು ಶಿಕ್ಷಕರನ್ನಾಗಿಸುವ ಯೋಜನೆ ಅಮೆರಿಕದಲ್ಲಿ 1990ರ ದಶಕದಲ್ಲಿ ಆರಂಭವಾಯಿತು. ಬ್ರಿಟನ್ನಿನಲ್ಲಿ, ಆರ್ಥಿಕ ಪತ್ರಿಕೆಯೊಂದರಲ್ಲಿ ದಶಕಗಳ ಕಾಲ ಅಂಕಣ ಬರೆದ ಲೂಸಿ ಕೆಲ್ಲವೇ ತಾವೇ ಗಣಿತ ಶಿಕ್ಷಕಿಯಾಗಲು ಹೊರಟು, ತಮ್ಮಂಥವರಿಗಾಗಿ 2016ರಲ್ಲಿ ‘ನೌ ಟೀಚ್’ ಎಂಬ ಸಂಸ್ಥೆಯನ್ನು ಕಟ್ಟುವಲ್ಲಿ ಸೇರಿಕೊಂಡರು. ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗವೂ 2022ರಲ್ಲಿ, ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ಪಳಗಿದವರನ್ನು ಪಿಎಚ್‌ಡಿ ಇಲ್ಲದೆಯೂ ಪ್ರಾಧ್ಯಾಪಕರನ್ನಾಗಿ ನೇಮಿಸಿಕೊಳ್ಳಲು ಅವಕಾಶ ಕೊಟ್ಟಿತು. ಈ ಪ್ರಯತ್ನಗಳಿಗೆ ಆದರ್ಶದ ಜೊತೆಗೆ ಅಗತ್ಯವೂ ಕಾರಣ. 2030ರ ವೇಳೆಗೆ ಜಗತ್ತಿನ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳಿಗೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕಾಗುತ್ತಾರೆ ಎಂದು ಯುನೆಸ್ಕೊ ಅಂದಾಜು ಮಾಡಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಇರುವ ಶಿಕ್ಷಕರು ವೃತ್ತಿ ಬಿಟ್ಟು ಹೋಗುವುದರಿಂದ ತೆರವಾಗುವ ಜಾಗಗಳು. ಅಂದಮೇಲೆ ಹೊಸಬರನ್ನು ಕರೆತರುವಷ್ಟೇ ಕಾಳಜಿ ಅವರನ್ನು ಉಳಿಸಿಕೊಳ್ಳುವುದರಲ್ಲಿಯೂ ಇರಬೇಕು.

ಉಳಿಸಿಕೊಳ್ಳುವ ಕೆಲಸ ಕೆಡುವುದು ಮೊದಲ ವರ್ಷದಲ್ಲಿ. ಶಿಕ್ಷಕರ ಸ್ಥಾನಮಾನದ ಬಗ್ಗೆ 1966ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಯುನೆಸ್ಕೊವೂ ಸೇರಿ ಕೊಟ್ಟ ಶಿಫಾರಸು, ಹೊಸ ಶಿಕ್ಷಕರ ಪರೀಕ್ಷಾರ್ಥ ಅವಧಿ ಅವರಿಗೆ ಉತ್ತೇಜನ ನೀಡಿ ವೃತ್ತಿಯೊಳಕ್ಕೆ ಬರಮಾಡಿಕೊಳ್ಳುವ ಸಮಯವಾಗಬೇಕು ಎನ್ನುತ್ತದೆ. ವಾಸ್ತವದಲ್ಲಿ ಹೊಸಬರಿಗೆ ಸಿಗುವುದು ಹಳಬರು ಬೇಡವೆಂದ ತರಗತಿಗಳು ಮತ್ತು ತುಂಬಿದ ವೇಳಾಪಟ್ಟಿ. ನಲವತ್ತರ ವಯಸ್ಸಿನವರಾದರಂತೂ ‘ಅನುಭವಸ್ಥರು, ನಿಭಾಯಿಸುತ್ತಾರೆ’ ಎಂದು ಪರೀಕ್ಷೆಯ ಕೆಲಸ, ವಾರ್ಷಿಕೋತ್ಸವ, ಕಚೇರಿಯ ಕಂಪ್ಯೂಟರು ಎಲ್ಲವನ್ನೂ ಹೊರಿಸುತ್ತಾರೆ. ಸಂಬಳ ನಿಗದಿ ಮಾಡುವಾಗ ಮಾತ್ರ ಆ ಅನುಭವ ಎಲ್ಲಿಯೂ ಕಾಣುವುದಿಲ್ಲ. ಆಗ ಅವರು ಈಗಷ್ಟೇ ತರಬೇತಿ ಮುಗಿಸಿದವರ ಸಮಕ್ಕೆ ನಿಲ್ಲುತ್ತಾರೆ. ಹಿಂದಿನ ಪೂರ್ಣ ಸೇವೆಯನ್ನು ಜ್ಯೇಷ್ಠತೆಗೆ ಸೇರಿಸಿದರೆ, ಅಷ್ಟೇ ವರ್ಷ ತರಗತಿಯಲ್ಲಿ ಕಳೆದವರಿಗೆ ಅನ್ಯಾಯವಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದ್ದರಿಂದ ಕಲಿಸುವ ವಿಷಯಕ್ಕೆ ನೇರ ಸಂಬಂಧವಿರುವ ಅನುಭವಕ್ಕೆ, ಪರೀಕ್ಷಾರ್ಥ ಅವಧಿ ಮುಗಿದ ಮೇಲೆ, ಒಂದೆರಡು ವೇತನ ಬಡ್ತಿಗಳನ್ನು ಕೊಟ್ಟು, ಜ್ಯೇಷ್ಠತೆಯನ್ನು ಅದರಿಂದ ಹೊರಗಿಡಬಹುದು.

ಬೇರೆಲ್ಲೂ ಸಲ್ಲದವರು ಎಂಬ ಮಾತಿಗೆ ಹೆಚ್ಚು ಜಾಗ ಕೊಡುವ ಇಚ್ಛೆ ನನಗಿಲ್ಲ. ಅಂಥವರೂ ಬರುತ್ತಾರೆ. ಮೊದಲ ಉದ್ಯೋಗವಾಗಿಯೇ ಶಿಕ್ಷಕವೃತ್ತಿಗೆ ಬಂದವರಲ್ಲಿಯೂ ಬೇರೆ ದಾರಿ ಕಾಣದೆ ಬಂದವರು ಇದ್ದಾರೆ. ಯಾವ ದಾರಿಯಲ್ಲಿ ಬಂದರು ಎಂಬುದರಿಂದ ಅವರನ್ನು ಗುರುತಿಸಲು ಆಗುವುದಿಲ್ಲ. ಒಂದು ಪಾಠ ಮಾಡಿಸಿ ನೋಡಿದರೆ ಆಗುತ್ತದೆ.

ನೇಮಕಾತಿಯ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ ಇಷ್ಟು. ಅರ್ಜಿ ನಮೂನೆಯಲ್ಲಿ ಹಿಂದಿನ ಉದ್ಯೋಗದ ಹೆಸರು ಮತ್ತು ಅವಧಿಯನ್ನು ಕೇಳುವ ಅಂಕಣದ ಜೊತೆಗೆ ಒಂದು ಪುಟವನ್ನು ಸೇರಿಸಲಿ. ಆ ವರ್ಷಗಳಲ್ಲಿ ಯಾರಿಗೆ ಏನನ್ನು ಕಲಿಸಿಕೊಟ್ಟಿರಿ, ಯಾವುದನ್ನು ಕಲಿಸಲು ಆಗಲಿಲ್ಲ, ಈಗ ಕಲಿಸಬೇಕಾದ ವಿಷಯದ ಯಾವ ಪಾಠಕ್ಕೆ ಅದು ನೆರವಾಗಬಹುದು ಎಂದು ಅಭ್ಯರ್ಥಿಗಳು ತಮ್ಮ ಕೈಬರಹದಲ್ಲಿ ಬರೆಯಲಿ. ಮನೆಯ ಆರೈಕೆಯಲ್ಲಿ ಕಳೆದ ವರ್ಷಗಳಿಗೂ ಆ ಪುಟದಲ್ಲಿ ಎಡೆ ಇರಲಿ. ಸಂದರ್ಶನದ ಪ್ರಶ್ನೆಗಳು ಅದರಿಂದ ಹುಟ್ಟಲಿ. ಮೊದಲ ವರ್ಷದ ವೇಳಾಪಟ್ಟಿಯಲ್ಲಿ ಕೆಲವು ಪೀರಿಯಡ್‌ಗಳನ್ನು ಕಡಿಮೆ ಮಾಡಿ, ಆ ಸಮಯದಲ್ಲಿ ಹಳಬರ ತರಗತಿಯಲ್ಲಿ ಕುಳಿತು ನೋಡಲು ಬಿಡಲಿ. ಆಯ್ಕೆಯಾದ ಮೇಲೆ ಆ ಪುಟ ಕಡತದಲ್ಲಿ ಉಳಿಯದೆ, ಅದರ ಒಂದು ಪ್ರತಿ ವೇಳಾಪಟ್ಟಿ ಬರೆಯುವ ಮುಖ್ಯೋಪಾಧ್ಯಾಯರ ಕೈಗೆ, ಇನ್ನೊಂದು ಹೊಸಬರ ಮಾರ್ಗದರ್ಶಕರಾಗುವ ಸಹೋದ್ಯೋಗಿಯ ಕೈಗೆ ಶಾಲೆ ತೆರೆಯುವ ಮೊದಲೇ ತಲುಪಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ ತರಬೇತುದಾರ